ಶೇಷಪ್ಪನವರ ಮೂಗಿಗೆ ಬಂದ ಸವತಿ

ಕಳಸದ ಕಡೆಯ ಶೇಷಪ್ಪನವರ ಮೂಗು ಸಾಮಾನ್ಯ ಮೂಗಲ್ಲ. ಕೊಟ್ಟಿಗೆಹಾರದಲ್ಲಿ ಯಾರೋ ಬೀಡಿ ಹಚ್ಚಿದರೆ ಇವರು ತಮ್ಮ ಜಗಲಿಯಲ್ಲೇ ಕೂತು ಯಾವ ಬೀಡಿ ಅಂತ ಹೇಳುತ್ತಿದ್ದರು. ಬೇಸಗೆಯಲ್ಲಿ ತೋಟದಂಚಿನ ಕಸಕ್ಕೆ ಬೆಂಕಿ ಇಡುವ ಮುಂಚೆ ಇವತ್ತು ಸುಡಬಹುದಾ ಅಂತ ಮೂರು ಊರಿನವರು ಈ ಮೂಗನ್ನೇ ಕೇಳುತ್ತಿದ್ದರು.

2007ರ ಮಾರ್ಚಿನಲ್ಲಿ ಆ ಮೂಗಿಗೊಂದು ಸವತಿ ಬಂತು. ಅರಣ್ಯ ಕಚೇರಿಯ ಕಂಪ್ಯೂಟರ್! ಬಿಸಿಲು, ಗಾಳಿ, ತೇವ, ಹಿಂದೆ ಎಲ್ಲೆಲ್ಲಿ ಬೆಂಕಿ ಬಿದ್ದಿತ್ತು ಅನ್ನೋದನ್ನೆಲ್ಲ ಲೆಕ್ಕ ಹಾಕಿ, ಅಪಾಯದ ಗುಡ್ಡಕ್ಕೆ ಕೆಂಪು ಬಳಿದು ನಕ್ಷೆ ಕೊಡುತ್ತಿತ್ತು. ಕಚೇರಿಯ ರೂಪಶ್ರೀ ದಿನಾ ಬೆಳಿಗ್ಗೆ ಅದನ್ನು ಹಾಲಿನ ಡೈರಿ ಗೋಡೆಗೆ ಅಂಟಿಸುತ್ತಿದ್ದಳು. ಜನ ಜಗಲಿ ಬಿಟ್ಟು ಗೋಡೆ ಹಿಡಿದರು. ಶೇಷಪ್ಪನವರ ಹೊಟ್ಟೆಯ ಉರಿಯಲ್ಲಿ ಮೂಡಿಗೆರೆಯ ಅಷ್ಟೂ ಹೋಟೆಲಿನ ಇಡ್ಲಿ ಬೇಯಿಸಬಹುದಿತ್ತು.

ಕೊನೆಗೆ ಹೆಂಡತಿ ರಾಮಮ್ಮನೂ ಡೈರಿಯಿಂದ ಬಂದು ಅಂದರು, "ಇವತ್ತು ನಮ್ಮ ಗುಡ್ಡ ಕೆಂಪು. ತೋಟದ ಕೆಳಗೆ ಕಡಿದು ಹಾಕಿದ ಲಂಟಾನ ಪೊದೆ ರಾಶಿ ಸುಡೋದು ಬೇಡ್ರೀ."

"ನಲವತ್ತು ವರ್ಷ ನನ್ನ ಜೊತೆ ಬಾಳಿ, ಈಗ ಆ ಡಬ್ಬಿ ಮಾತು ಕೇಳ್ತೀಯಾ?"

"ಡಬ್ಬಿಗೆ ನೆಗಡಿ ಆಗಲ್ಲ. ನಿಮಗೆ ವಾರದಿಂದ ಮೂಗು ಕಟ್ಟಿದೆ!"

ಆ ಮಾತು ನಾಟಿತು. ಶೇಷಪ್ಪ ಸೀದಾ ಹೋಗಿ ಕಡ್ಡಿ ಗೀರಿಯೇ ಬಿಟ್ಟರು.

ಬೆಂಕಿ ರಾಶಿಯಿಂದ ಹುಲ್ಲುಗುಡ್ಡಕ್ಕೆ ಹಾರಿತು. ಮೋಡಕ್ಕೇ ಬೊಬ್ಬೆ ಏಳುವಷ್ಟು ಎತ್ತರದ ಜ್ವಾಲೆ! ಮೇಲುಗಡೆ ಆಗಷ್ಟೇ ಹೂ ಬಿಟ್ಟ ಅವರದೇ ಕಾಫಿ ತೋಟ. ಅವರಿಗಿದ್ದದ್ದು ಅದೊಂದೇ.

ಐದೇ ನಿಮಿಷದಲ್ಲಿ ಜೀಪು ಬಂತು. ರೂಪಶ್ರೀ ಇಳಿದಳು, ಹಿಂದೆ ಆರು ಜನ ಬೆಂಕಿ ಕಾವಲಿನವರು.

"ಇಷ್ಟು ಬೇಗ ಹೇಗಮ್ಮ?" ಶೇಷಪ್ಪ ಜೀಪಿನತ್ತ ಓಡಿದರು.

"ಗುಡ್ಡ ಕೆಂಪು ಅಂತ ಬೆಳಿಗ್ಗೆಯಿಂದ ಇವರನ್ನ ಕೆಳಗೇ ನಿಲ್ಲಿಸಿದ್ವಿ, ಶೇಷಪ್ಪಣ್ಣ. ಈಗ ನೀವು ಹೇಳಿ, ಇಲ್ಲಿಯ ಗಾಳಿ ಎತ್ತ ತಿರುಗುತ್ತೆ? ಅಷ್ಟು ಸಣ್ಣದೆಲ್ಲ ಕಂಪ್ಯೂಟರಿಗೆ ಗೊತ್ತಾಗಲ್ಲ."

"ಗೊತ್ತಾಗಲ್ವಾ?" ಆ ಹೊಗೆಯಲ್ಲೂ ಶೇಷಪ್ಪನವರ ಮುಖ ಅರಳಿತು. "ಬಿಸಿಲೇರಿದ್ರೆ ಸೀದಾ ಮೇಲಕ್ಕೇ ಮಾರಾಯ್ತಿ! ತೋಟದ ಕೆಳಗೆ ಹುಲ್ಲು ಸವರಿ, ಬರೀ ಮಣ್ಣು ಕಾಣೋ ಹಾಗೆ ಮಾಡಿ!"

ಊರವರೂ ಓಡಿಬಂದು ಸವರಿದರು, ಹಸಿ ಸೊಪ್ಪಿನಿಂದ ಬಡಿದರು. ಬೆಂಕಿ ನಿಂತಿತು. ಅಷ್ಟರಲ್ಲಿ ಅಂಚಿನ ಅರವತ್ತು ಗಿಡ ಹೂವಿನ ಸಮೇತ ಸುಟ್ಟಿದ್ದವು. ಈ ಲೆಕ್ಕ ಮಾತ್ರ ರಾಮಮ್ಮನದು, ಒಂದೂ ಹೆಚ್ಚಿಲ್ಲ.

ಮರುದಿನ ಶೇಷಪ್ಪ ಕಚೇರಿಗೆ ಹೋಗಿ, ಕಂಪ್ಯೂಟರ್ ಮುಂದೆ ಕುರ್ಚಿ ಎಳೆದು ಕೂತರು.

"ಬರ್ಕೊಳಮ್ಮ. ಆಚೆ ಗುಡ್ಡದಲ್ಲಿ ಈ ವರ್ಷ ದನ ಮೇಯಿಸಿಲ್ಲ, ಹುಲ್ಲು ಎದೆಯೆತ್ತರ ಇದೆ. ನಿನ್ನ ಡಬ್ಬಿಗೆ ಗೊತ್ತಾ?"

"ಇಲ್ಲಣ್ಣ."

"ಮತ್ತೆ!"

ಈಗ ಅವರೇ ಊರವರಿಗೆ ಹೇಳುತ್ತಾರೆ, "ಮೊದಲು ನಕ್ಷೆ ನೋಡಿ, ಆಮೇಲೆ ನನ್ನ ಕೇಳಿ."

ನೀವೂ ಅಷ್ಟೇ ಮಾಡಿ. ಗುಡ್ಡ ಕೆಂಪು ಅಂದ ದಿನ ಕಡ್ಡಿ ಗೀರಬೇಡಿ. ಹೊಗೆ ಕಂಡ ಕೂಡಲೇ ಅರಣ್ಯ ಕಚೇರಿಗೆ ಫೋನ್ ಮಾಡಿ. ನಿಮ್ಮ ಕಡೆಯ ಹುಲ್ಲು ಎಷ್ಟೆತ್ತರ, ಗಾಳಿ ಎತ್ತ ತಿರುಗುತ್ತದೆ ಅಂತ ಹೋಗಿ ಹೇಳಿ. ಸ್ವಲ್ಪ ಬೇಗ ಹೋಗಿ. ತಡವಾದರೆ ಕುರ್ಚಿಯಲ್ಲಿ ಶೇಷಪ್ಪನವರು ಕೂತಿರುತ್ತಾರೆ.