ದೋಣಿ ಮಲಗುವ ದಂಡಿ

ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಮಗಳು ನಿದ್ದೆಹೋಗಿದ್ದಾಳೆ, ಗೆರೆ ಮೂಡೀತು, ಮೆಲ್ಲಗೆ ತೊಡೆಗೆ ಎಳೆದುಕೊಳ್ಳಬೇಕು — ಬಸ್ಸು ಕಲಬುರಗಿ ಬಿಟ್ಟು ಅರ್ಧ ತಾಸಾಯಿತು, ಮಹಾಗಾಂವ ಕ್ರಾಸ್ ದಾಟಿತು, ಇನ್ನು ಕಮಲಾಪುರವೇ, ಅಲ್ಲಿ ಮಾಪಣ್ಣಕಾಕಾ ತನ್ನ ಮಗಳ ಮನೆಯಲ್ಲಿದ್ದಾನೆ, ಕಣ್ಣಿಗೆ ಪೊರೆ ಬಂದ ಮೇಲೆ ದೋಣಿ ನಡೆಸುವುದು ಬಿಟ್ಟು ಕೆಂಪು ಬಾಳೆಯ ತೋಟಕ್ಕೆ ನೀರು ಹಾಯಿಸುತ್ತಾನಂತೆ, ನಾಲ್ಕು ವರ್ಷ, ಎದುರು ನಿಂತು ಒಂದು ಮಾತು ಹೇಳಿಲ್ಲ ನಾನು, ಏನೆಂದು ಹೇಳಲಿ, ಕೃಷ್ಣೆಯ ನಡುವಿನ ಆ ಗಡ್ಡಿ, ಸುತ್ತ ನೀರು, ಅಲ್ಲಿಗೆ ನಾನೊಬ್ಬಳೇ ನರ್ಸು, ಕಾಕಾ ನಡೆಸುವ ಸರಕಾರಿ ಮಷಿನ್ ದೋಣಿಯೂ ಒಂದೇ — ನಲವತ್ತು ಮಂದಿ ಹಿಡಿಸುತ್ತಿತ್ತು, ಆದರೆ ರಾತ್ರಿ ನಿಲ್ಲುವುದು ಆಚೆ ದಡದಲ್ಲಿ, ಅಲ್ಲಿಂದ ಇಬ್ಬರು ಮೇಷ್ಟ್ರನ್ನು ಹೊತ್ತು ಬರುವಷ್ಟರಲ್ಲಿ ಬೆಳಗಿನ ಹತ್ತು, ಅಲ್ಲಿಯವರೆಗೆ ಹಾಲು ಕಾಯುವುದಿಲ್ಲ, ಕಾಲೇಜು ಕಾಯುವುದಿಲ್ಲ, ಗಡ್ಡಿಯವರೆಲ್ಲ ಹರಗೋಲಿನಲ್ಲೇ ಜೀವ ಬಿಗಿಹಿಡಿದು ದಾಟುತ್ತಿದ್ದರು. ಎಂಜಿನಿಯರ್ ದೇವಾನಂದ ಸಾಹೇಬರು ಮೂರು ದಿನ ಕೂತು ನೋಡಿ, ದೋಣಿ ಖಾಲಿ ಓಡುತ್ತಿದೆ, ಬೇರೆ ಕಡೆ ಕಳಿಸಬೇಕಾಗುತ್ತದೆ ಎಂದರು, ಬೇಸರದಿಂದಲೇ ಎಂದರು, ಆಗ ಹಾಲು ಮಾರುವ ಮಲ್ಕಮ್ಮ ಎದ್ದು ನಿಂತಳು, ಸಾಹೇಬ್ರ, ದೋಣಿ ಖಾಲಿ ಇಲ್ರಿ, ಅದು ರಾತ್ರಿ ಮಲಗೋ ದಂಡಿ ತಪ್ಪು ಅದ, ಈ ದಂಡಿಗಿ ಕಟ್ಟಸ್ರಿ, ಮುಂಜಾನಿ ಆರಕ್ಕ ನಾವು ತುಂಬಿ ಹೋಗ್ತೀವಿ, ಬರೋವಾಗ ಮೇಷ್ಟ್ರು ಬರ್ತಾರ. ಸಾಹೇಬರು ಪೆನ್ನು ತೆಗೆದರು, ಆಮೇಲೆ ಎಲ್ಲರ ಕಣ್ಣೂ ಕಾಕಾನ ಮೇಲೆ — ಆಚೆ ದಡದ ಮನೆ, ಹೆಂಡತಿ, ಬಿಸಿ ರೊಟ್ಟಿ ಬಿಟ್ಟು ದಿನಾ ಇಲ್ಲಿ ಮಲಗಬೇಕಾದವನು ಅವನಲ್ಲವೇ, ಅವನು ಕೇಳಿದ್ದು ಇಷ್ಟೇ, ಚಾಪಿ ಯಾರ್ ಕೊಡ್ತೀರಿ. ವಾರದೊಳಗೆ ದೋಣಿ ತುಂಬಿತು, ಹಾಲಿನ ಕ್ಯಾನು, ಪುಸ್ತಕದ ಚೀಲ, ಸಂತೆಯ ಬುಟ್ಟಿ, ಕಾಲಿಡಲು ಜಾಗವಿಲ್ಲ. ಮತ್ತೆ ಆ ಚಳಿಯ ಮುಂಜಾನೆ, ಎಂಟು ತಿಂಗಳ ಬಸುರಿ ನಾನು, ರಕ್ತ ಹರಿಯತೊಡಗಿತು, ಎಷ್ಟೋ ಹೆರಿಗೆ ಮಾಡಿಸಿದವಳು, ಏನಾಗುತ್ತಿದೆಯೆಂದು ಗೊತ್ತಿತ್ತು, ಗೊತ್ತಿದ್ದದ್ದೇ ಭಯ, ಮಲ್ಕಮ್ಮ ರಟ್ಟೆ ಹಿಡಿದು ನಡೆಸುತ್ತಾಳೆ, ಅಂಜಬ್ಯಾಡ್ರಿ ಸಿಸ್ಟರ್, ನಾ ಇದ್ದೀನಿ ಅನ್ನುತ್ತಾಳೆ, ದೋಣಿ ತುಂಬಿ ಹೊರಡುವುದರಲ್ಲಿದೆ, ಮೊದಲಿನಂತಿದ್ದರೆ ಆಚೆ ದಡದಲ್ಲೇ ಇರುತ್ತಿತ್ತು, ಆಸ್ಪತ್ರೆಯ ಡಾಕ್ಟರಮ್ಮ ಆಮೇಲೆ ಹೇಳಿದರು, ಅರ್ಧ ತಾಸು ತಡವಾಗಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ — ಎಷ್ಟು ಬಿಸಿ ಇವಳ ನೆತ್ತಿ, ಬೆವರಿದ್ದಾಳೆ, ಕಮಲಾಪುರದವ್ರು ಇಳ್ಕೋರಿ ಅನ್ನುತ್ತಿದ್ದಾನೆ ಕಂಡಕ್ಟರ್, ಅಗೋ, ಬಿಸಿಲಿಗೆ ಕೈ ಅಡ್ಡ ಹಿಡಿದು ಬಸ್ಸಿನ ಬಾಗಿಲು ಹುಡುಕುತ್ತಿರುವವನು ಕಾಕಾನೇ, ಏಳಬೇಕು, ಮಾತು ಜೋಡಿಸಬೇಕು, ಆದರೆ ಮತ್ತೆ ಅದೇ, ಈ ನಾಲ್ಕು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಬರುವ ಅದೇ — ಇಳೀರಿ, ಹಗುರಾದ್ರ ಲಗೂನ ಮುಟ್ತದ, ಕಾಕಾ ಒಂದೇ ಸಲ ಅಂದದ್ದು, ಯಾಕೆ ಎಂದು ಒಬ್ಬರೂ ಕೇಳದೆ ಇಳಿದದ್ದು, ಕೊರೆಯುವ ನೀರಿನಲ್ಲಿ ಮೊಣಕಾಲುದ್ದ ನಿಂತದ್ದು, ತಲೆಯ ಮೇಲೆ ಪುಸ್ತಕ, ಹೆಗಲ ಮೇಲೆ ಹಾಲು, ಅಷ್ಟೂ ಮಂದಿ, ಒಂದೊಂದು ಕೈ ಚಾಚಿ, ನನ್ನೊಬ್ಬಳ ದೋಣಿಯನ್ನು ನೂಕುತ್ತ