ಮೋಹಿನಿಯ ಅರ್ಧ ಗಂಟೆ

ಮ್ಯಾನ್‌ಹಟನ್ ಹತ್ತಿರದ ಹ್ಯಾರಿಸನ್ ಊರಿನ ಒಂದು ಹಳೇ ಕಟ್ಟಡದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಕಾಲ ನಮ್ಮ ಕನ್ನಡ ರೇಡಿಯೋ. ನಡೆಸುವವರು ಕೃಷ್ಣಸ್ವಾಮಿ ಅಂಕಲ್. ಮೈಕಿನ ಮುಂದೆ ಜಯರಾಮು ಅಂಕಲ್, ಮುಳುಗುವ ಬ್ಯಾಂಕುಗಳನ್ನು ದುಡ್ಡು ಕೊಟ್ಟು ಉಳಿಸುವ ಸರ್ಕಾರದ ಮೇಲೆ ಹರಿಹಾಯುತ್ತ. ಗಾಜಿನ ಈಚೆ ನಾನು, ತಾರಿಣಿ, ಎರಡು ವರ್ಷದಿಂದ ಫೋನ್ ಎತ್ತುವವಳು. ಕರೆದವರು ಏನು ಹೇಳುತ್ತಾರೆಂದು ಕೇಳಿ, ಯಾರನ್ನು ಒಳಗೆ ಬಿಡುವುದು, ಯಾರನ್ನು ಕಾಯಿಸುವುದು ಎಂದು ತೀರ್ಮಾನಿಸುವುದು ನನ್ನ ಕೆಲಸ. ನಡುನಡುವೆ ನಾನೇ ಆ ಮೈಕಿನ ಮುಂದೆ ಕೂತ ಹಾಗೆ ಕನಸು ಕಾಣುವುದು ಅಭ್ಯಾಸ.

2009ರ ಜನವರಿಯಲ್ಲಿ ಹೊಸ ಸರ್ಕಾರದ ಜೊತೆ ಒಂದು ಪುಕಾರೂ ಬಂತು. ಇಪ್ಪತ್ತು ವರ್ಷದ ಹಿಂದೆ ಕೈಬಿಟ್ಟಿದ್ದ ರೂಲು ವಾಪಸ್ ಬರುತ್ತಂತೆ; ರೇಡಿಯೋದಲ್ಲಿ ಒಂದು ಕಡೆಯವರು ಮಾತಾಡಿದರೆ ಎದುರು ಕಡೆಯವರಿಗೂ ಜಾಗ ಕೊಡಬೇಕಂತೆ.

"ಅವರು ಹೇಳೋಕೆ ಮುಂಚೆ ನಾವೇ ಕೊಟ್ಬಿಡೋಣ," ಎಂದರು ಕೃಷ್ಣಸ್ವಾಮಿ ಅಂಕಲ್. "ಕೊನೇ ಅರ್ಧ ಗಂಟೆ ಇನ್ನೊಂದು ಸೈಡಿಗೆ."

ನನ್ನದು ಆ ಸೈಡೇ, ಸರ್ಕಾರದ ಪರ. ನನ್ನ ಹೆಸರೇ ಬರುತ್ತದೆಂದು, ಸೆರಗಿಲ್ಲದಿದ್ದರೂ ಸರಿಮಾಡಿಕೊಳ್ಳುವಂತೆ ಸ್ವೆಟರ್ ಎಳೆದುಕೊಂಡೆ.

"ಪ್ಲೇನ್ಸ್‌ಬರೋದ ಮೋಹಿನಿ ಮಾಡ್ತಾಳೆ," ಎಂದರು ಅವರು. " ಮ್ಯಾನ್‌ಹಟನ್ ಬ್ಯಾಂಕಲ್ಲಿದ್ಲು, ಲೇಆಫ್ ಆಯ್ತು. ವಿಷಯ ಗೊತ್ತು. ನೀನು ಫೋನಿಗೇ ಇರು ಕಣಮ್ಮ, ನಿನ್ನಷ್ಟು ತಾಳ್ಮೆ ಯಾರಿಗಿದೆ?"

ಅಜ್ಜಿಯ ಕಥೆಗಳಲ್ಲಿ ಹಿರಿರಾಣಿ ಕಿರಿರಾಣಿಯ ಪಾಯಸಕ್ಕೆ ವಿಷ ಬೆರೆಸುತ್ತಿದ್ದಳು. ನನ್ನ ಕೈಯಲ್ಲಿ ಇದ್ದದ್ದು ಐದು ಫೋನ್ ಲೈನು.

ಮೊದಲ ಶನಿವಾರ ಅತಿ ಸಿಡುಕಿನವರನ್ನೇ ಆರಿಸಿ ಬಿಟ್ಟೆ. ಎಲ್ಲರಿಗಿಂತ ಮುಂದೆ, ಮೋಟೆಲ್ ನಡೆಸುವ ಬೋರಲಿಂಗಯ್ಯ ಅಂಕಲ್. "ಬ್ಯಾಂಕಲ್ಲಿದ್ದೋಳು ಬ್ಯಾಂಕ್ ಪರ ಮಾತಾಡ್ದೆ ಇನ್ನೇನ್ ಮಾಡ್ತೀಯ?" ಎಂದು ಗುಡುಗಿದರು.

"ಪೂರ್ತಿ ಬೈದುಬಿಡಿ ಅಂಕಲ್, ಕಾಯ್ತೀನಿ," ಎಂದಳು ಮೋಹಿನಿ. "ಆಮೇಲೆ ನನ್ನನ್ನ ಕೆಲಸದಿಂದ ತೆಗೆದ ಬ್ಯಾಂಕಿಗೂ ಒಂದೆರಡು ಬೈಗುಳ ಉಳಿಸಿಕೊಳ್ಳಿ."

ಅವರು ನಕ್ಕುಬಿಟ್ಟರು. ಐದೂ ಲೈನು ಒಟ್ಟಿಗೆ ಮಿನುಗಿದವು. ಅವಳು ಗಾಜಿನಾಚೆಯಿಂದ ನನಗೆ ಕೈ ಬೀಸಿದಳು. ನನಗೆ ಉರಿದುಹೋಯಿತು.

ಆಗ ಉಪಾಯ ಹೊಳೆಯಿತು. ಫೆಬ್ರವರಿ ಪೂರ್ತಿ ಅವಳನ್ನು ಹೊಗಳುವವರನ್ನೇ ಬಿಟ್ಟೆ. "ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ." "ನಾನೂ ಅದನ್ನೇ ಹೇಳೋಣಾಂತಿದ್ದೆ." ಬೋರಲಿಂಗಯ್ಯ ಅಂಕಲ್ ಪ್ರತಿವಾರ ಇಪ್ಪತ್ತು ನಿಮಿಷ ಕಾದು ಗೊಣಗುತ್ತ ಫೋನ್ ಇಟ್ಟುಬಿಡುತ್ತಿದ್ದರು. ಜಗಳವಿಲ್ಲದೆ ಕಾರ್ಯಕ್ರಮ ತಣ್ಣಗಾಯಿತು. ಫೋನುಗಳೂ.

ತಿಂಗಳ ಕೊನೆಗೆ ಸೆನೆಟ್‌ನಲ್ಲಿ ಆ ರೂಲು ಬರಕೂಡದೆಂದೇ ವೋಟು ಬಿತ್ತು. "ಇನ್ನು ಭಯ ಇಲ್ಲ," ಎಂದರು ಕೃಷ್ಣಸ್ವಾಮಿ ಅಂಕಲ್. "ಈ ಶನಿವಾರ ಫೋನ್ ಬಂದ್ರೆ ಮೋಹಿನಿ ಇರ್ಲಿ. ಇಲ್ದಿದ್ರೆ ಪೂರ್ತಿ ಜಯರಾಮುಗೇ."

ಅಂದು ಶುರುವಾಗುವ ಮುಂಚೆ ಮೋಹಿನಿ ನನ್ನ ಕುರ್ಚಿಯ ಬಳಿ ಬಂದು ನಿಂತಳು. "ತಾರಿಣಿ, ಯಾರೂ ಜಗಳಕ್ಕೇ ಬರ್ತಿಲ್ಲ ಕಣೆ. ನಾನೇನ್ ತಪ್ಪು ಮಾಡ್ತಿದೀನಿ? ವಾರದಲ್ಲಿ ನನಗೆ ಇರೋದು ಇದೊಂದೇ."

"ಜನ ಒಪ್ಕೋತಿದಾರೆ, ಅಷ್ಟೇ," ಎಂದೆ.

ಬೋರಲಿಂಗಯ್ಯ ಅಂಕಲ್ ಆ ದಿನವೂ ಕರೆದರು. ನಾಲ್ಕನೇ ಲೈನಿನ ದೀಪದ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಬೇರೆ ಯಾವ ಲೈನೂ ಮಿನುಗದೆ ಅರ್ಧ ಗಂಟೆ ಮುಗಿಯಿತು.

ಮುಂದಿನ ಶನಿವಾರ ಮೋಹಿನಿ ಇರಲಿಲ್ಲ. ಅವಳ ಜಾಗಕ್ಕೆ ನನ್ನನ್ನು ಯಾರೂ ಕರೆಯಲೂ ಇಲ್ಲ. ಜಯರಾಮು ಅಂಕಲ್ ಒಂದು ಗಂಟೆ ಪೂರ್ತಿ ಮಾತಾಡಿದರು. ಕೊನೆಗೆ ಬೋರಲಿಂಗಯ್ಯ ಅಂಕಲ್ ಫೋನ್ ಬಂತು.

"ಎಲ್ಲಿ ಹೋದ್ಳಮ್ಮ ಆ ಹುಡುಗಿ?"

"ಇನ್ನು ಬರಲ್ಲ ಅಂಕಲ್. ಜಯರಾಮು ಅಂಕಲ್ ಹತ್ರ ಮಾತಾಡ್ತೀರಾ?"

"ಅವನು ಹೇಳೋದೂ ನಾನು ಹೇಳೋದೂ ಒಂದೇ. ಅದಕ್ಯಾಕೆ ಫೋನು?" ಬೋರಲಿಂಗಯ್ಯ ಅಂಕಲ್ ಧ್ವನಿ ಇಳಿದಿತ್ತು. "ಅವಳಿಗೆ ಉತ್ತರ ಕೊಡೋಕೆ ತಿಂಗಳಿಂದ ಯೋಚ್ನೆ ಮಾಡಿಟ್ಟಿದೀನಮ್ಮ."

ತಿಂಗಳಿಂದ! ನನ್ನ ಮಾತಿಗೆ ಒಂದು ಗಳಿಗೆ ಯೋಚಿಸಿದವರು ಯಾರಿದ್ದಾರೆ?

"ನನ್ನ ಹತ್ರ ಜಗಳ ಆಡಿ ಅಂಕಲ್. ನಾನೂ ಅವಳ ಸೈಡೇ."

"ನೀನಾ?" ನಕ್ಕರು. "ನೀನು ಕಾಯ್ಸೋಳಲ್ವೇನಮ್ಮ? ಹೋಗ್ಲಿ, ಅವಳ ನಂಬರ್ ಕೊಡು."

ನಂಬರ್ ನನ್ನ ಮುಂದಿನ ಗೋಡೆಯ ಮೇಲೆಯೇ ಇತ್ತು, ಮೋಹಿನಿಯ ದುಂಡಗಿನ ಅಕ್ಷರದಲ್ಲಿ.

"ಗೊತ್ತಿಲ್ಲ ಅಂಕಲ್," ಎಂದೆ.