ನಾರುಹುಣ್ಣಿಗೆ ಸ್ತೋತ್ರ

ಸುವಾರ್ತವ್ವನ ಎಡಗಾಲ ಹಿಮ್ಮಡಿಯ ಮೇಲೆ ಎದ್ದಿದ್ದ ನಾರುಹುಣ್ಣಿನ ಬೊಬ್ಬೆ ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳ ಮೂತಿ ಹೊರಹಾಕಿದ ದಿನವೇ ಅವಳ ಗಂಡ ದೇವದಾನಪ್ಪ ಸಂಜೆಯ ಪ್ರಾರ್ಥನೆಯಲ್ಲಿ ಅದಕ್ಕೂ ಸ್ತೋತ್ರ ಹೇಳಿದ.

ದೇವದಾನಪ್ಪ ತಿರ್ಲಾಪುರದ ಉಪದೇಶಿ. ಊರಲ್ಲಿದ್ದ ಬೆರಳೆಣಿಕೆಯ ಕ್ರೈಸ್ತ ಮನೆಗಳವರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು ಅವನ ಕೆಲಸ. ಎಪ್ಪತ್ತೆರಡರ ಮಳೆ ಕೈಕೊಟ್ಟು, ಎಪ್ಪತ್ಮೂರರ ಬೇಸಿಗೆಗೆ ಕೆರೆ ತಳ ಕಂಡಿತ್ತು. ಉಳಿದದ್ದು ಹಸಿರು ರಾಡಿ. ಎಮ್ಮೆಗಳು ಬಿದ್ದು ಹೊರಳುವುದು, ಜನ ಕಾಲು ತೊಳೆಯುವುದು, ಕೊಡ ತುಂಬುವುದು ಎಲ್ಲ ಅದರಲ್ಲೇ. ರೇಷನ್ನಿನ ಕೆಂಪು ಜೋಳದ ರೊಟ್ಟಿ ಹಂಚಿನ ಮೇಲಿರುವಾಗಲೇ ಮುಗ್ಗಲು ನಾರುತ್ತಿತ್ತು. ಮುಂದಿನ ಮಳೆಯಾದರೂ ಬಂದೀತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ದೇವದಾನಪ್ಪ ಮಾತ್ರ ದಿನವೂ ಒಂದೇ ಪಾಠ ಹೇಳುತ್ತಿದ್ದ: ಕಷ್ಟದಲ್ಲಿ ಗೊಣಗುವುದು ಅವಿಶ್ವಾಸ, ದೇವರು ಕೊಟ್ಟದ್ದಕ್ಕೆಲ್ಲ ಸ್ತೋತ್ರ ಹೇಳಬೇಕು.

ಅವನದು ನಾಟಕವಾಗಿರಲಿಲ್ಲ. ಒಬ್ಬನೇ ಇದ್ದಾಗಲೂ ಕಣ್ಣು ಮುಚ್ಚಿ ಹಾಗೇ ಹೇಳುತ್ತಿದ್ದ. ಸುವಾರ್ತವ್ವನಿಗೆ ಅದನ್ನು ಕಂಡೇ ಮೈಯೆಲ್ಲ ಉರಿಯುತ್ತಿತ್ತು.

ನೆರೆಮನೆಯ ಖಾದರಬಿ ದಿನವೂ ಬಂದು, ಹುಳದ ತುದಿಯನ್ನು ಕಸಬರಿಗೆ ಕಡ್ಡಿಗೆ ಸಿಕ್ಕಿಸಿ, ಇಷ್ಟಿಷ್ಟೇ ಸುತ್ತಿ ಬಟ್ಟೆ ಕಟ್ಟಿ ಹೋಗುತ್ತಿದ್ದಳು. ಅವಸರಕ್ಕೆ ಜಗ್ಗಿದರೆ ಹುಳ ಒಳಗೇ ಹರಿದು ಕಾಲು ಕೊಳೆಯುತ್ತದೆಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬಟ್ಟೆ ಬಿಚ್ಚುವ ಹೊತ್ತಿಗೆ ದೇವದಾನಪ್ಪ ಏನಾದರೂ ನೆಪ ತೆಗೆದು ಹೊರಗೆ ಹೋಗುತ್ತಿದ್ದ. ಕೀವಿನ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಸುವಾರ್ತವ್ವನಿಗೆ ಹೊರಗೆ ಹೋಗಲು ದಾರಿ ಎಲ್ಲಿ? ಹುಳ ಅವಳ ಮೈಯೊಳಗೇ ಇತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಓಕರಿಕೆ ಬರುತ್ತಿತ್ತು. ತವರಿನಿಂದ ಬಂದ ಶಾವಿಗೆಯನ್ನು ಬೇಯಿಸಿ, ತಟ್ಟೆಗೆ ಹಾಕಿ ನೋಡಿದವಳೇ ಹಿತ್ತಲಿಗೆ ಒಯ್ದು ಚೆಲ್ಲಿದಳು. ಅನ್ನವಿಲ್ಲದ ಕಾಲದಲ್ಲಿ ಚೆಲ್ಲಿದಳೆಂದು ಗಂಡ ಅವಳಿಗೆ ಕೃತಜ್ಞತೆಯ ಪಾಠ ಹೇಳಿದ.

ಅಷ್ಟರಲ್ಲಿ ಖಾದರಬಿ ಮಗಳ ಬಾಣಂತನಕ್ಕೆಂದು ನವಲಗುಂದಕ್ಕೆ ಹೋದಳು. ಸುವಾರ್ತವ್ವ ತಾನೇ ಸುತ್ತಲು ಬಗ್ಗಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಗಂಡನನ್ನು ಕರೆದಳು. ಅವನು ಮೊದಲು ಪ್ರಾರ್ಥನೆ ಮಾಡೋಣವೆಂದು ಅಲ್ಲೇ ಮೊಣಕಾಲೂರಿ ಕಣ್ಣು ಮುಚ್ಚಿದ. ಈ ವ್ಯಾಧಿಯ ಮೂಲಕ ತಮಗೆ ತಾಳ್ಮೆ ಕಲಿಸುತ್ತಿರುವುದಕ್ಕಾಗಿ ಕರ್ತನಿಗೆ ಸ್ತೋತ್ರ ಹೇಳತೊಡಗಿದ.

"ಕಣ್ಣ ತಗೀರಿ," ಎಂದಳು ಸುವಾರ್ತವ್ವ. "ಯಾವುದಕ್ಕ ಸ್ತೋತ್ರ ಹೇಳಾಕತ್ತೀರಿ, ಒಮ್ಮೆರ ನೋಡಿ ಹೇಳ್ರಿ."

ಪ್ರಾರ್ಥನೆಯ ನಡುವೆ ಹಾಗೆ ಮಾತಾಡಬಾರದೆಂದು ಅವನು ಮೆಲ್ಲಗೆ ಹೇಳಿದ.

"ಮಾತಾಡ್ತೀನ್ರಿ. ನನಗ ಈ ಹುಳದಕಿಂತ ನಿಮ್ಮ ಸ್ತೋತ್ರದ್ದ ಹೇಸಿಗಿ ಜಾಸ್ತಿ ಆಗೇತಿ."

ಅವನು ಕಣ್ಣು ತೆರೆದ. ಅವಳ ಕಾಲ ಬಳಿ ಸರಿದು ಬಟ್ಟೆ ಬಿಚ್ಚಿದ. ಬಾತ ಹಿಮ್ಮಡಿ, ಹಳದಿ ಕೀವು, ಅದರೊಳಗಿಂದ ಕಡ್ಡಿಯವರೆಗೆ ಬಿಗಿದು ನಿಂತ ಒದ್ದೆ ಹುಳ. ಎದ್ದು ಹಿತ್ತಲಿಗೆ ಓಡಿ ಗೋಡೆ ಹಿಡಿದು ವಾಂತಿ ಮಾಡಿಕೊಂಡ. ಇನ್ನು ಇವನು ಒಳಗೆ ಬರುವುದಿಲ್ಲ ಎಂದುಕೊಂಡಳು ಸುವಾರ್ತವ್ವ. ಆದರೆ ಅವನು ಬಾಯಿ ಮುಕ್ಕಳಿಸಿ ಬಂದು, ಮೂಗಿಗೆ ಧೋತರದ ಚುಂಗು ಕಟ್ಟಿಕೊಂಡು ಕೂತ. ಕಡ್ಡಿ ಹಿಡಿದು ಅರ್ಧ ಸುತ್ತು ತಿರುಗಿಸಿದ.

"ನೋವಾತೇನು?" ಎಂದು ಕೇಳಿದ.

ಹುಳ ಕಂಡಂದಿನಿಂದ ಅವನು ಅದನ್ನು ಕೇಳಿಯೇ ಇರಲಿಲ್ಲ. ಅವಳು ಹೌದೆಂದು ತಲೆಯಾಡಿಸಿದಳು. ಆ ಸಂಜೆ ಮನೆಯಲ್ಲಿ ಪ್ರಾರ್ಥನೆ ಆಗಲಿಲ್ಲ.

ಮುಂದೆ ಅವನೇ ದಿನವೂ ಸುತ್ತಿದ. ಹೇಸಿಗೆ ಇಬ್ಬರಿಗೂ ಕಡಿಮೆಯಾಗಲಿಲ್ಲ. ಮತ್ತೆರಡು ಸಲ ಅವನು ಹಿತ್ತಲಿಗೆ ಓಡಿದ. ಓಡಿದವನು ತಿರುಗಿ ಬಂದು ಕೂರುತ್ತಿದ್ದ. ಕಡೆಗೊಂದು ದಿನ ಹುಳ ಪೂರ್ತಿ ಹೊರಬಂತು, ಮೊಳಕ್ಕೂ ಉದ್ದವಾಗಿತ್ತು. ಅಡಿಗೆಯ ಒಲೆಗೆ ಹಾಕಬೇಡಿರೆಂದಳು ಅವಳು. ಅವನು ಊರ ಹೊರಗೆ ಒಯ್ದು ಸುಟ್ಟು ಬಂದ.

ಆ ಭಾನುವಾರ ಅವರ ಮನೆಯಲ್ಲೇ ಸೇರಿದ ಕೂಟದಲ್ಲಿ ಸ್ತೋತ್ರ ಹೇಳುವ ಸರದಿ ಬಂದಾಗ ದೇವದಾನಪ್ಪ ಹೆಂಡತಿಯ ಕಡೆ ನೋಡಿದ, ಕರೆಯಲಿಲ್ಲ. ಅವಳು ತಾನಾಗಿ, ಕುಂಟುತ್ತ ಎದ್ದು ನಿಂತಳು. ಎಂದೂ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ.

"ಕರ್ತನೇ, ಈ ಹುಳಕ್ಕ ನಾ ಸ್ತೋತ್ರ ಹೇಳಾಂಗಿಲ್ಲ. ಅದು ಹೊಲಸು. ರಾಡಿ ನೀರು ಕುಡದದ್ದಕ್ಕ ಬಂತು. ಖಾದರಬಿ ಮುಟ್ಟಿದ್ಲು, ಮನಿಯವ್ರು ಮುಟ್ಟಿದ್ರು. ಆ ಕೈಗಳನ್ನ ನೀನ ಕೊಟ್ಟೀದಿ. ಅದಕ್ಕ ಸ್ತೋತ್ರ."

ಯಾರೂ ಆಮೆನ್ ಅನ್ನಲಿಲ್ಲ. ಕಡೆಗೆ ದೇವದಾನಪ್ಪನೇ ಅಂದ.

ಸಭೆಯ ಹಿರಿಯ ಗಂಗಪ್ಪನಿಗೆ ಸಿಟ್ಟು ಬಂದಿತ್ತು. ದೇವರ ಮುಂದೆ ಹೊಲಸಿನ ಮಾತು ಆಡಿಸಿದಿರೆಂದು ಉಪದೇಶಿಯನ್ನು ಎಲ್ಲರೆದುರೇ ಅಂದು, ಕಡೆಯ ಆಶೀರ್ವಾದಕ್ಕೂ ನಿಲ್ಲದೆ ಹೋದ. ದೇವದಾನಪ್ಪ ಆಶೀರ್ವಾದ ಹೇಳಿ ಕೂಟ ಮುಗಿಸಿದ.

ಜನವೆಲ್ಲ ಚದುರಿದ ಮೇಲೆ, ಕೂಟಕ್ಕೆ ಬಂದಿದ್ದ ಮೈಲಾರವ್ವ ಬಾಗಿಲ ಬಳಿ ಕಾಯುತ್ತಿದ್ದಳು. ಅವಳ ಮೊಣಕಾಲ ಕೆಳಗೂ ಹೊಲಸು ಬಟ್ಟೆ ಸುತ್ತಿತ್ತು, ನೊಣ ಮುತ್ತುತ್ತಿದ್ದವು. ಸೆರಗಿನಿಂದ ಅವನ್ನು ಹೊಡೆಯುತ್ತ, ದೇವದಾನಪ್ಪನ ಮುಖ ನೋಡದೆ ಕೇಳಿದಳು:

"ಉಪದೇಶೆಪ್ಪಾರ, ನಮ್ಮ ಮನಿಯವ್ರಿಗೂ ಹುಳ ಸುತ್ತಾಕ ಒಂದೀಟು ಹೇಳ್ತೀರೇನ್ರಿ?"

ಅವನು ಹೇಳುವುದೇನು, ಈಗಲೇ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡ. ಸುವಾರ್ತವ್ವ ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದು ತಂದಳು. ಮೈಲಾರವ್ವನ ಕಾಲಿನ ಬಟ್ಟೆಯ ಕೆಳಗೆ ಏನಿದೆಯೆಂದು ನೆನೆದು ಅವಳಿಗೆ ಹೇಸಿಗೆಯಾಯಿತು. ಆದರೂ ಗಂಡನ ಹಿಂದೆ ಹೊರಟಳು.